ಪೆಟ್ರೋಲ್ ಟ್ಯಾಂಕಿಗೆ ತುಕ್ಕು: ಸೀಲರ್ ಹೊಡೆಸುವ ಮುಂಚೆ ನೀರು ಎಲ್ಲಿಂದ ಬಂತು ನೋಡಿ

ಮಳೆಗಾಲ ಮುಗಿಯುವ ಹೊತ್ತಿಗೆ ಗುಬ್ಬಿಯಿಂದ ನಮ್ಮ ಭಾವ ಫೋನ್ ಮಾಡಿದರು. "ಗಾಡಿ ಮಿಸ್ ಹೊಡೀತಿದೆ ಕಣೋ. ಟ್ಯಾಂಕ್ ಒಳಗೆಲ್ಲಾ ತುಕ್ಕಂತೆ, ಸೀಲರ್ ಹೊಡೆಸ್ಬೇಕಂತೆ. ಏನ್ ಮಾಡ್ಲಿ?"

ತುಮಕೂರಿಗೆ ತರಿಸಿಕೊಂಡು ನೋಡಿದೆ. ತುಕ್ಕು ಇತ್ತು, ಸುಳ್ಳಲ್ಲ. ಆದರೆ ಸೀಲರ್, ಅಂದರೆ ಟ್ಯಾಂಕಿನ ಒಳಮೈಗೆ ಬಳಿಯುವ ಲೇಪ, ಬೇಕಿರಲಿಲ್ಲ. ಮುಚ್ಚಳದ ಸುತ್ತ ನಿಲ್ಲುವ ಮಳೆನೀರು ಕೆಳಗೆ ಹರಿದುಹೋಗಲಿ ಅಂತ ಒಂದು ಸಣ್ಣ ರಬ್ಬರ್ ಪೈಪು ಇರುತ್ತದೆ. ಅದರ ತುದಿಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ನೀರಿಗೆ ಬೇರೆ ದಾರಿಯಿಲ್ಲದೆ ಟ್ಯಾಂಕಿನೊಳಗೇ ಇಳಿಯುತ್ತಿತ್ತು. ಸೀಲರ್ ಹೊಡೆಸಿದ್ದರೆ ತುಕ್ಕು ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ. ನೀರು ಬರುವುದು ಬರುತ್ತಲೇ ಇರುತ್ತಿತ್ತು.

ನಾನು ಗ್ಯಾರೇಜಿನವನಲ್ಲ. ಮನೆ ಮುಂದಿನ ನೆರಳಲ್ಲಿ ಹಳೇ ಗಾಡಿ ಬಿಚ್ಚಿ ಜೋಡಿಸುವ ಹುಚ್ಚಿದೆ. ಕೆಲವು ಪಾಠ ದುಡ್ಡು ಕೊಟ್ಟು ಕಲಿತಿದ್ದೇನೆ. ಗಾಡಿಯಲ್ಲಿ ನಿಮಗೆ ಏನು ಕಾಣುತ್ತದೋ ಅಲ್ಲಿಂದಲೇ ಶುರು ಮಾಡಿ, ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ ಅಂತ ಬರೆದಿದ್ದೇನೆ.

ಕೈ ಹಾಕುವ ಮುಂಚೆ

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇದ್ದಾಗಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮೂರಿನ ಬಿಸಿಲಲ್ಲಿ ಎಷ್ಟು ಬಿಡಬಹುದು ಲೆಕ್ಕ ಹಾಕಿ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ತೆವಳಿಕೊಂಡು ಹೋಗಿ ಅಡಿಗೆಮನೆಯ ಸ್ಟವ್ವನ್ನೋ ದೇವರ ಮುಂದಿನ ದೀಪವನ್ನೋ ಮುಟ್ಟಬಹುದು. ಅದಕ್ಕೇ ಈ ಕೆಲಸ ಬಯಲಿನಲ್ಲೇ ಆಗಬೇಕು. ಎಂಜಿನ್ ಪೂರ್ತಿ ಆರಿರಲಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಬೀಡಿ ಸಿಗರೇಟು ಸೇದುವ ಗೆಳೆಯನನ್ನು ಟೀ ತರಲು ಕಳಿಸಿ.

ಖಾಲಿ ಟ್ಯಾಂಕು ಅಂದರೆ ಭಯವಿಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಿಜ ತಿರುಗಾಮುರುಗಾ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಇರುವುದಿಲ್ಲ. ಖಾಲಿಯಾದ ಟ್ಯಾಂಕಿನಲ್ಲಿ ಗಾಳಿ ಮತ್ತು ಆವಿ ಎರಡೂ ಬೆರೆತಿರುತ್ತವೆ. ಗಾಳಿಯಲ್ಲಿ ಶೇ 1.4ರಿಂದ 7.6ರಷ್ಟು ಪೆಟ್ರೋಲ್ ಆವಿ ಇದ್ದರೆ ಒಂದು ಕಿಡಿ ಸಾಕು, ಸಿಡಿಯುತ್ತದೆ.

ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇಟ್ಟುಕೊಳ್ಳಿ. ಪೆಟ್ರೋಲ್ ಬೆಂಕಿಗೆ ನೀರು ಸುರಿಯಬಾರದು, ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನು ಇನ್ನಷ್ಟು ಹರಡುತ್ತದೆ. ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯಬೇಡಿ, ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ತೆಗೆದ ಪೆಟ್ರೋಲನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿ ಮೂಲೆಯಲ್ಲಿಡುವ ಅಭ್ಯಾಸವೂ ಬೇಡ. ಮನೆಯಲ್ಲಿ ಮಕ್ಕಳಿರುತ್ತಾರೆ, ಅಲ್ವಾ?

ಓಡುತ್ತಾ ಓಡುತ್ತಾ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ

ಶಿರಾ ಗೇಟಿನಿಂದ ಹೊರಟ ಗಾಡಿ ನಾಲ್ಕೈದು ಕಿಲೋಮೀಟರ್ ಚೆನ್ನಾಗಿ ಓಡಿ ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ. ಐದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗದಂತೆ ಹೊರಡುತ್ತದೆ. ಇದನ್ನು ಕಂಡ ಕೂಡಲೇ ತುಕ್ಕು ಅಂತ ತೀರ್ಮಾನಿಸಬೇಡಿ.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ. ಅದಕ್ಕೇ ಎದುರು ಬದಿಗೆ ಇನ್ನೊಂದು ತೂತು ಹೊಡೆಯುತ್ತೇವೆ. ಟ್ಯಾಂಕ್ ಮುಚ್ಚಳದಲ್ಲೂ ಗಾಳಿ ಒಳಗೆ ಹೋಗಲು ಅಂಥದ್ದೇ ಸಣ್ಣ ತೂತು ಇದೆ. ಅದರಲ್ಲಿ ಧೂಳು ಕೂತರೆ ಪೆಟ್ರೋಲ್ ಇಳಿಯುವುದಿಲ್ಲ.

ಮುಂದಿನ ಸಲ ಗಾಡಿ ನಿಂತಾಗ ಪಕ್ಕಕ್ಕೆ ತಳ್ಳಿ, ಮುಚ್ಚಳ ತೆಗೆಯಿರಿ. "ಹುಸ್" ಅಂತ ಗಾಳಿ ಎಳೆದುಕೊಂಡು, ಗಾಡಿ ಕೂಡಲೇ ಸ್ಟಾರ್ಟ್ ಆದರೆ ಕಾಯಿಲೆ ಮುಚ್ಚಳದ್ದು. ಮುಚ್ಚಳವನ್ನು ಸೋಪಿನ ನೀರಲ್ಲಿ ತೊಳೆದು, ತೆಳು ತಂತಿಯಿಂದ ತೂತು ಬಿಡಿಸಿ, ಒಣಗಿಸಿ ಹಾಕಿ. ಖರ್ಚು ಸೊನ್ನೆ.

ಮುಚ್ಚಳ ತೆಗೆದರೂ ವ್ಯತ್ಯಾಸ ಇಲ್ಲದಿದ್ದರೆ ಪೆಟ್ರೋಲ್ ಹರಿವು ನೋಡಿ. ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಿಡಲು, ನಿಲ್ಲಿಸಲು ತಿರುಗಿಸುವ ನಲ್ಲಿಯೇ ಕಾಕ್. ಅದನ್ನು ಬಂದ್ ಮಾಡಿ, ಕಾರ್ಬೋರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕಡೆಯ ಪೈಪ್ ಕಿತ್ತು ಗಾಜಿನ ಬಾಟಲಿಗೆ ಇಳಿಬಿಟ್ಟು, ಕಾಕ್ ತೆರೆಯಿರಿ. ಧಾರೆಯಾಗಿ ಬಿದ್ದರೆ ಟ್ಯಾಂಕ್ ಕಡೆಯಿಂದ ತೊಂದರೆ ಇಲ್ಲ, ಕಾರ್ಬೋರೇಟರ್ ಅಥವಾ ಪ್ಲಗ್ ನೋಡಬೇಕು. ದಾರದ ಹಾಗೆ ಬಂದು ತೊಟ್ಟಿಕ್ಕಲು ಶುರುವಾದರೆ ಕಾಕಿನ ತಲೆಯ ಮೇಲಿನ ಜಾಲರಿ ಕಟ್ಟಿದೆ. ಕೆಲವು ಗಾಡಿಗಳ ಕಾಕ್ ಎಂಜಿನ್ ತಿರುಗುವಾಗ ಮಾತ್ರ ಪೆಟ್ರೋಲ್ ಬಿಡುತ್ತದೆ. ಅಂಥದ್ದರಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಸುಮ್ನೆ ಗಾಬರಿಯಾಗಬೇಡಿ.

ರಿಸರ್ವ್‌ಗೆ ತಿರುಗಿಸಿದ ಕೂಡಲೇ ಮಿಸ್ ಹೊಡೆಯುತ್ತದೆ

ಟ್ಯಾಂಕಿನೊಳಗೆ ನೀರೋ ಕಸವೋ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಕಾಕಿನೊಳಗೆ ಎರಡು ದಾರಿ ಇವೆ. ಆನ್‌ನಲ್ಲಿ ಇದ್ದಾಗ ಸ್ವಲ್ಪ ಎತ್ತರದ ಕೊಳವೆಯಿಂದ ಪೆಟ್ರೋಲ್ ಬರುತ್ತದೆ. ರಿಸರ್ವ್‌ನಲ್ಲಿ ತಳದಿಂದ ಬರುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲೇ ಕೂರುತ್ತದೆ. ತುಕ್ಕಿನ ಪುಡಿಯೂ ಅಲ್ಲೇ.

ರಿಸರ್ವ್‌ನಲ್ಲಿಟ್ಟು ಒಂದು ಲೋಟದಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಿಟ್ಟು, ಅರ್ಧ ಗಂಟೆ ಅಲುಗಾಡಿಸದೆ ಇಡಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಕಾಫಿ ಗಸಿಯಂಥ ಕಂದು ಪುಡಿ ಕೂತಿದ್ದರೆ ತುಕ್ಕು. ತಳದಲ್ಲಿ ಬೇರೆಯೇ ಒಂದು ಪದರ ಗುಳ್ಳೆಯಂತೆ ಓಡಾಡಿದರೆ ನೀರು. ಪೆಟ್ರೋಲ್ ಗಾಢ ಬಣ್ಣಕ್ಕೆ ತಿರುಗಿ ಹಳೇ ಪೇಂಟಿನ ವಾಸನೆ ಬಂದರೆ ಅದು ತಿಂಗಳುಗಟ್ಟಲೆ ನಿಂತು ಕೆಟ್ಟ ಪೆಟ್ರೋಲ್. ಅದಕ್ಕೆ ತುಕ್ಕಿನ ಔಷಧಿ ಬೇಡ, ಬದಲಾಯಿಸಿದರೆ ಸಾಕು.

ಈಗಿನ ಪೆಟ್ರೋಲಿನಲ್ಲಿ ಒಂದು ತಿರುವು ಇದೆ. 2023ರ ಫೆಬ್ರವರಿಯಿಂದ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂಕುಗಳಿಗೆ ಬರಲು ಶುರುವಾಯಿತು. ಎಥೆನಾಲ್ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ನಾಲ್ಕು ಹನಿ ನೀರು ಬಿದ್ದರೆ ಬಾಟಲಿಯಲ್ಲಿ ಕಾಣುವುದೇ ಇಲ್ಲ, ಪೆಟ್ರೋಲಿನ ಜೊತೆ ಸುಟ್ಟು ಹೋಗುತ್ತದೆ. ಇದು ಒಳ್ಳೆಯದೇ. ಆದರೆ ನೀರು ಮಿತಿ ಮೀರಿದರೆ, ಅದರಲ್ಲೂ ಚಳಿಯಲ್ಲಿ, ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿದುಬಿಡುತ್ತದೆ. ಆಗ ಕಾಣುವ ತಳದ ಪದರ ನೀವು ಅಂದುಕೊಂಡದ್ದಕ್ಕಿಂತ ದಪ್ಪ ಇರುತ್ತದೆ. ಆ ಪದರ ಎಂಜಿನ್ನಿಗೆ ಹೋದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಟ್ಯಾಂಕಿನ ತಳದಲ್ಲಿ ನಿಂತರೆ ಲೋಹವನ್ನು ತಿನ್ನುತ್ತದೆ.

ನೀರು ಮಾತ್ರ ಕಂಡು ಪುಡಿ ಇಲ್ಲದಿದ್ದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ. ಖಾಲಿ ಮಾಡುವಾಗ ಒಂದು ಮರೆಯಬೇಡಿ. ಟ್ಯಾಂಕು ಫ್ರೇಮಿನ ಮೇಲೆ ಕುದುರೆ ಜೀನಿನಂತೆ ಕೂತಿರುತ್ತದೆ. ಎರಡು ಕಡೆ ಎರಡು ಹೊಟ್ಟೆ. ಕಾಕ್ ಇರುವುದು ಒಂದೇ ಹೊಟ್ಟೆಗೆ. ಇನ್ನೊಂದರ ತಳದಲ್ಲಿ ಕೂತ ನೀರು ಕಾಕಿನಿಂದ ಯಾವತ್ತೂ ಹೊರಗೆ ಬರುವುದಿಲ್ಲ. ಟ್ಯಾಂಕ್ ಬಿಚ್ಚಿ, ಬಗ್ಗಿಸಿ, ಆ ಕಡೆಯದನ್ನೂ ಸುರಿಯಬೇಕು. "ಮೊನ್ನೆ ತಾನೇ ಡ್ರೈನ್ ಮಾಡ್ಸಿದೀನಿ, ಮತ್ತೆ ನೀರು ಬಂತು" ಅನ್ನುವವರ ಗಾಡಿಯಲ್ಲಿ ಸಾಮಾನ್ಯವಾಗಿ ಆಗಿರುವುದು ಇಷ್ಟೇ.

ನಿಂತ ಗಾಡಿಯ ಕಾರ್ಬೋರೇಟರ್ ಕೆಳಗೆ ಪೆಟ್ರೋಲ್ ಸೋರುತ್ತದೆ

ಜನ ಇದನ್ನು ಓವರ್‌ಫ್ಲೋ ಅನ್ನುತ್ತಾರೆ. ಕಾರ್ಬೋರೇಟರ್ ಒಳಗೆ ತೇಲುವ ಫ್ಲೋಟ್ ಒಂದು ಸೂಜಿಯನ್ನು ಮೇಲೆತ್ತಿ ಪೆಟ್ರೋಲನ್ನು ನಿಲ್ಲಿಸುತ್ತದೆ. ಆ ಸೂಜಿಗೂ ಅದರ ಸೀಟಿಗೂ ನಡುವೆ ತುಕ್ಕಿನ ಒಂದು ಕಣ ಸಿಕ್ಕಿಕೊಂಡರೆ ಸಾಕು, ಬಾಗಿಲು ಮುಚ್ಚುವುದಿಲ್ಲ.

ಮೊದಲು ಕಾಕ್ ಬಂದ್ ಮಾಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಬೌಲಿಗೆ, ಅಂದರೆ ಕಾರ್ಬೋರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿಗೆ, ಮೆಲ್ಲಗೆ ನಾಲ್ಕು ತಟ್ಟಿ. ಬೌಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಇರುವುದನ್ನು ಬಿಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಒಂದು ವಾರದಲ್ಲಿ ಮತ್ತೆ ಸೋರಿದರೆ ಕಾರ್ಬೋರೇಟರನ್ನು ಎಷ್ಟು ಸಲ ಕ್ಲೀನ್ ಮಾಡಿಸಿದರೂ ಪ್ರಯೋಜನವಿಲ್ಲ, ಕಸ ಮೇಲಿನಿಂದ ಬರುತ್ತಿದೆ.

ಇಲ್ಲಿ ನನ್ನ ಪ್ರೀತಿಯ ಪರೀಕ್ಷೆ, ಒಳಗೆ ಏನಿದೆ ಅಂತ ಕಾಣುವ ಸಣ್ಣ ಪ್ಲಾಸ್ಟಿಕ್ ಫಿಲ್ಟರ್. ಮಸಾಲೆ ದೋಸೆ ತಿಂದಷ್ಟು ಖರ್ಚು. ಬಾಣದ ಗುರುತು ಕಾರ್ಬೋರೇಟರ್ ಕಡೆಗೆ ಇರುವಂತೆ ಪೈಪಿನ ನಡುವೆ ಹಾಕಿ ನೂರು ಕಿಲೋಮೀಟರ್ ಓಡಿಸಿ. ಫಿಲ್ಟರ್ ಹಾಗೇ ಇದ್ದರೆ ಟ್ಯಾಂಕಿನ ಮೇಲೆ ಅನುಮಾನ ಬಿಡಿ. ಕೆಂಪಾದರೆ ಮುಂದಿನ ಭಾಗ ಓದಿ. ಪಂಪ್ ಇಲ್ಲದೆ ತಾನಾಗಿ ಇಳಿಯುವ ಪೆಟ್ರೋಲಿಗೆ ಅಂತಲೇ ಮಾಡಿದ ಫಿಲ್ಟರ್ ಕೇಳಿ ತನ್ನಿ. ಕಾರಿನ ಫಿಲ್ಟರ್ ಹಾಕಿದರೆ ಪೆಟ್ರೋಲ್ ಇಳಿಯುವುದೇ ನಿಧಾನವಾಗಿ, ಇಲ್ಲದ ಹೊಸ ಕಾಯಿಲೆ ಹುಟ್ಟುತ್ತದೆ.

ಇಂಜೆಕ್ಷನ್ ಗಾಡಿ, ಪಿಕಪ್ ಸತ್ತಿದೆ, ಟ್ಯಾಂಕಿನಿಂದ ಕೀಚಲು ಸದ್ದು

2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಬಂದಿರುವ ಬಹುತೇಕ ಗಾಡಿಗಳಲ್ಲಿ ಕಾರ್ಬೋರೇಟರ್ ಬದಲು ಇಂಜೆಕ್ಷನ್ ಇದೆ, ಅಂದರೆ ಪೆಟ್ರೋಲನ್ನು ಒತ್ತಡದಲ್ಲಿ ಎಂಜಿನ್ನಿಗೆ ಚಿಮ್ಮಿಸುತ್ತದೆ. ಅವುಗಳಲ್ಲಿ ಪಂಪ್ ಟ್ಯಾಂಕಿನ ಒಳಗೇ ಕೂತಿದೆ. ತುಕ್ಕು ಅದರ ಜಾಲರಿ ಕಟ್ಟಿದರೆ ಪಂಪು ತಿಣುಕುತ್ತದೆ. ಇದನ್ನು ಮನೆಯಲ್ಲಿ ಬಿಚ್ಚಬೇಡಿ. ಪೈಪಿನಲ್ಲಿ ಒತ್ತಡ ಇರುತ್ತದೆ, ಕಿತ್ತ ಕೂಡಲೇ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ. ಗೊತ್ತಿರುವವರ ಹತ್ತಿರ ಪಂಪ್ ಬಿಚ್ಚಿಸಿ ಜಾಲರಿ ನೋಡಿಸಿ. ಪಂಪು ಒಳಗಿರುವಾಗಲೇ ಟ್ಯಾಂಕಿಗೆ ಯಾವ ಆ್ಯಸಿಡ್ಡೂ ಹಾಕಬಾರದು.

ಮುಚ್ಚಳ ತೆಗೆದರೆ ಒಳಗೆ ಕೆಂಪು ಕಾಣುತ್ತದೆ

ನೋಡುವುದಕ್ಕೂ ಒಂದು ಕ್ರಮ ಇದೆ. ಟ್ಯಾಂಕಿನ ಬಾಯಿಗೆ ಮೊಬೈಲ್ ಟಾರ್ಚ್ ತುರುಕುವುದು ಬೇಡ. ಬಿಸಿಲಲ್ಲಿ ನಿಂತು ಮುಖ ನೋಡುವ ಸಣ್ಣ ಕನ್ನಡಿಯಿಂದ ಬೆಳಕನ್ನು ಒಳಗೆ ಬಿಡಿ. ಮೂಲೆಮೂಲೆಯೂ ಟಾರ್ಚಿಗಿಂತ ಚೆನ್ನಾಗಿ ಕಾಣುತ್ತದೆ.

ತುಕ್ಕು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದನ್ನು ನೋಡಿ. ನೀರು ಬಂದ ದಾರಿಯನ್ನು ಅದೇ ಹೇಳುತ್ತದೆ.

ಮೇಲಿನ ಛಾವಣಿಯಲ್ಲಿ ಜಾಸ್ತಿ, ತಳದಲ್ಲಿ ಕಡಿಮೆ ಇದ್ದರೆ ಗಾಡಿ ಬಹಳ ದಿನ ಅರೆಬರೆ ಪೆಟ್ರೋಲಿನಲ್ಲಿ ನಿಂತಿತ್ತು ಅಂತ ಅರ್ಥ. ಹಗಲು ಬಿಸಿಯಾದ ಗಾಳಿ ಹೊರಗೆ ಹೋಗುತ್ತದೆ, ರಾತ್ರಿ ತಂಪಾದಾಗ ತೇವದ ಗಾಳಿ ಒಳಗೆ ಬರುತ್ತದೆ, ತಣ್ಣಗಿನ ತಗಡಿಗೆ ಇಬ್ಬನಿ ಕಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ದೇವರಾಯನದುರ್ಗಕ್ಕೆ ಹೋದವರಿಗೆ ಗಾಡಿಯ ಮೇಲೆ ಎಷ್ಟು ಇಬ್ಬನಿ ಕೂರುತ್ತದೆ ಗೊತ್ತು. ಒಳಗೂ ಅದೇ ಕಥೆ. ಪೆಟ್ರೋಲ್ ಮುಳುಗಿಸಿಟ್ಟ ಭಾಗಕ್ಕೆ ಗಾಳಿ ತಾಗುವುದಿಲ್ಲ, ಅದಕ್ಕೇ ತಳ ಬಚಾವ್.

ತಳದ ಹೊಲಿಗೆಯ ಸಾಲಿನಲ್ಲಿ, ಅಂದರೆ ಎರಡು ತಗಡು ಬೆಸೆದ ಅಂಚಿನಲ್ಲಿ ತುಕ್ಕಿದ್ದರೆ ನೀರು ನಿಂತೇ ಇತ್ತು. ಸೈಡ್ ಸ್ಟ್ಯಾಂಡಿನಲ್ಲೇ ನಿಲ್ಲಿಸುವ ಗಾಡಿಗಳಲ್ಲಿ ಎಡಮೂಲೆ ಮೊದಲು ಹೋಗುತ್ತದೆ.

ಬಾಯಿಯ ಸುತ್ತ ತುಕ್ಕು, ಅಲ್ಲಿಂದ ಕೆಳಕ್ಕೆ ಕಂದು ಗೆರೆ ಇಳಿದಿದ್ದರೆ ನೀರು ಮೇಲಿನಿಂದ ಬಂದಿದೆ. ಮುಚ್ಚಳದ ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆಯೇ ನೋಡಿ. ಟ್ಯಾಂಕಿಗೆ ಸಮನಾಗಿ ಕೂರುವ ಬೀಗದ ಮುಚ್ಚಳವಿದ್ದರೆ ಅದರ ಗುಂಡಿಯಲ್ಲಿ ಒಂದು ಲೋಟ ನೀರು ಹಾಕಿ. ಮುಚ್ಚಳ ಹಾಕಿಯೇ ಇರಲಿ, ಮತ್ತೆ! ನೀರು ಕೆಳಗಿನ ಪೈಪಿನಿಂದ ನೆಲಕ್ಕೆ ಬೀಳಬೇಕು. ಬೀಳದಿದ್ದರೆ ಬಟ್ಟೆಯಿಂದ ಹೀರಿ ತೆಗೆದು ಪೈಪ್ ಬಿಡಿಸಿ. ಭಾವನ ಗಾಡಿಯಲ್ಲಿ ಸಿಕ್ಕಿದ್ದು ಇದೇ. ವಾಟರ್ ಸರ್ವೀಸಿನಲ್ಲಿ ಪ್ರೆಶರ್ ಪೈಪನ್ನು ನೇರ ಮುಚ್ಚಳಕ್ಕೆ ಹಿಡಿದರೂ ಹೀಗೇ ಆಗುತ್ತದೆ. ನಾನು ಈಗ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿಯೇ ಗಾಡಿ ತೊಳೆಯಲು ಕೊಡುವುದು.

ಇನ್ನು ಎಷ್ಟು ತುಕ್ಕು ಅನ್ನುವ ವಿಚಾರ. ಟೀ ಕಲೆಯಂತೆ ಬಣ್ಣ ಮಾತ್ರ ಇದ್ದು, ಕಡ್ಡಿಗೆ ಸುತ್ತಿದ ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಏನೂ ಬರದಿದ್ದರೆ ಮುಟ್ಟಬೇಡಿ. ಟ್ಯಾಂಕ್ ತುಂಬಿಸಿ ಓಡಿಸಿ. ಪುಡಿ ಬಟ್ಟೆಗೆ ಹತ್ತಿದರೆ ತೊಳೆಯಬೇಕು. ಹಪ್ಪಳದಂತೆ ಚಕ್ಕೆ ಏಳುತ್ತಿದ್ದರೆ, ತೊಳೆದ ಮೇಲೆ ತೂತು ಕಾಣಬಹುದು ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅಲ್ಲಿ ತುಕ್ಕೇ ಬೆಣೆಯಾಗಿ ತೂತನ್ನು ಮುಚ್ಚಿಕೊಂಡಿರುತ್ತದೆ.

ಪುಡಿ ಬರುತ್ತದೆ, ತಗಡು ಗಟ್ಟಿಯಾಗಿದೆ

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಅಪ್ಪನ ಹಳೇ ನೂರು ಸಿಸಿ ಗಾಡಿಯ ಟ್ಯಾಂಕಿಗೆ ಬಚ್ಚಲು ತೊಳೆಯುವ ಆ್ಯಸಿಡ್ ಸುರಿದೆ. ಹತ್ತೇ ನಿಮಿಷದಲ್ಲಿ ಬೆಳ್ಳಿಯಂತೆ ಹೊಳೆಯಿತು. ಖುಷಿಯಾಗಿ ಇನ್ನರ್ಧ ಗಂಟೆ ಬಿಟ್ಟೆ. ತೊಳೆದು ನೀರು ತುಂಬಿಸಿದಾಗ ತಳದ ಮೂರು ಕಡೆ ಜಿನುಗಿತು. ಆ ಆ್ಯಸಿಡ್‌ನಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕು ಮುಗಿದ ಮೇಲೆ ಅದು ಸುಮ್ಮನಿರುವುದಿಲ್ಲ, ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಹೊಲಿಗೆಯ ಸಂದಿಯಲ್ಲಿ ಉಳಿದ ಕ್ಲೋರೈಡ್ ಮುಂದೆಯೂ ತುಕ್ಕು ಎಬ್ಬಿಸುತ್ತದೆ. ಅಪ್ಪ ಬೈಯಲಿಲ್ಲ. ಹೊಸ ಟ್ಯಾಂಕಿನ ಬಿಲ್ ನನ್ನ ಕೈಗೆ ಕೊಟ್ಟರು, ಅಷ್ಟೇ.

ಈಗ ನಾನು ಬಳಸುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್. ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ನಿಧಾನ, ಆದರೆ ತಪ್ಪು ತಿದ್ದಿಕೊಳ್ಳಲು ಟೈಮ್ ಕೊಡುತ್ತದೆ. ಅಜ್ಜಿ ತಾಮ್ರದ ಹಂಡೆ ಬೆಳಗುತ್ತಿದ್ದ ಹುಣಸೆಹಣ್ಣಿನಲ್ಲೂ ಹುಳಿ ಇದೆ, ಅದನ್ನೇ ಹಾಕಬಾರದಾ ಅಂತ ಒಬ್ಬರು ಕೇಳಿದ್ದರು. ಹಾಕಬಹುದು, ಆದರೆ ಅದರ ನಾರು ಕಾಕಿನ ಜಾಲರಿಗೆ ಸೇರಿದರೆ ತುಕ್ಕೇ ವಾಸಿ ಅನ್ನಿಸುತ್ತದೆ.

ಟ್ಯಾಂಕ್ ಬಿಚ್ಚಿ ಖಾಲಿ ಮಾಡಿ. ಕಾಕ್, ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್, ಮುಚ್ಚಳ ಎಲ್ಲಾ ತೆಗೆಯಿರಿ. ಬಾಯಿ ತೆರೆದು ಬಯಲಲ್ಲಿ ಒಂದು ದಿನ ಬಿಡಿ. ತೂತುಗಳಿಗೆ ರಬ್ಬರ್ ಶೀಟ್ ಇಟ್ಟು ಪಟ್ಟಿ ಬಿಗಿಯಿರಿ. ಬಾಯಿಯ ಸುತ್ತ ಪೇಂಟಿನ ಮೇಲೆ ಗ್ರೀಸ್ ಸವರಿ, ಇಲ್ಲದಿದ್ದರೆ ಹುಳಿನೀರು ಸೋರಿ ಬಣ್ಣ ಮಂಕಾಗುತ್ತದೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಬಿಸಿನೀರಿನಲ್ಲಿ ಚೆನ್ನಾಗಿ ಕುಲುಕಿ. ಪೆಟ್ರೋಲಿನ ಜಿಡ್ಡು ಇರುವ ತನಕ ಹುಳಿ ತುಕ್ಕಿಗೆ ತಾಗುವುದೇ ಇಲ್ಲ. ತುಂಬಾ ಜನ ಈ ಹಂತ ಬಿಟ್ಟು, ನಿಂಬೆ ಉಪ್ಪು ಕೆಲಸ ಮಾಡಲಿಲ್ಲ ಅನ್ನುತ್ತಾರೆ.

ದಪ್ಪ ತುಕ್ಕಿದ್ದರೆ ಸೋಪಿನ ನೀರಿನ ಜೊತೆ ಒಂದು ಮೀಟರ್ ಸಣ್ಣ ಕಬ್ಬಿಣದ ಸರಪಳಿ ಹಾಕಿ ಟ್ಯಾಂಕನ್ನು ಎಲ್ಲಾ ಕಡೆಗೂ ಹೊರಳಿಸಿ. ನಟ್ಟು ಬೋಲ್ಟು, ಜಲ್ಲಿ ಹಾಕುವವರಿದ್ದಾರೆ. ಎಷ್ಟು ಹಾಕಿದ್ದಿರಿ, ಎಷ್ಟು ಹೊರಗೆ ಬಂತು ಅಂತ ಎಣಿಸುತ್ತಾ ಕೂರಬೇಕಾಗುತ್ತದೆ. ಸರಪಳಿಯಾದರೆ ಒಂದು ತುದಿಗೆ ತಂತಿ ಕಟ್ಟಿ ಎಳೆದರೆ ಮುಗಿಯಿತು.

ಕೈ ತಡೆಯುವಷ್ಟು ಬಿಸಿನೀರಿಗೆ ಲೀಟರಿಗೆ 60ರಿಂದ 80 ಗ್ರಾಂ ನಿಂಬೆ ಉಪ್ಪು ಕರಗಿಸಿ. 10 ಲೀಟರ್ ಟ್ಯಾಂಕಿಗೆ 600ರಿಂದ 800 ಗ್ರಾಂ. ಬಾಯಿತನಕ ತುಂಬಿಸಿ, ಛಾವಣಿಯ ತುಕ್ಕೂ ಮುಳುಗಬೇಕು. ಬಾಯನ್ನು ಬಿಗಿಯಾಗಿ ಮುಚ್ಚಬೇಡಿ. ಹುಳಿ ಕಬ್ಬಿಣಕ್ಕೆ ತಾಗಿ ಸ್ವಲ್ಪ ಹೈಡ್ರೋಜನ್ ಬರುತ್ತದೆ, ಅದು ಹೊರಗೆ ಹೋಗಲಿ, ಹತ್ತಿರ ಬೆಂಕಿ ಬೇಡ. ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಿ. 12 ಗಂಟೆಗೆ ಒಮ್ಮೆ ನೋಡಿ. ಬೂದು ಬಣ್ಣದ ತಗಡು ಕಂಡರೆ ಸಾಕು, 24 ಗಂಟೆ ದಾಟಿಸಬೇಡಿ. ಇನ್ನೂ ತುಕ್ಕಿದ್ದರೆ ಹೊಸ ನೀರು ಮಾಡಿ ಹಾಕುವುದು ಒಳ್ಳೆಯದು. ಅಲ್ಯೂಮಿನಿಯಂ ಟ್ಯಾಂಕಿಗೆ ಇದ್ಯಾವುದೂ ಬೇಡ.

ಬ್ಯಾಟರಿ ಚಾರ್ಜರ್, ವಾಷಿಂಗ್ ಸೋಡಾ ನೀರು, ಕಬ್ಬಿಣದ ಸರಳು ಇಟ್ಟು ಕರೆಂಟಿನಿಂದ ತುಕ್ಕು ಬಿಡಿಸುವ ವಿಧಾನವೂ ಇದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹೈಡ್ರೋಜನ್ ಜಾಸ್ತಿ ಬರುತ್ತದೆ. ಗೊತ್ತಿಲ್ಲದೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸರಳು ಬಳಸಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದಿಲ್ಲ.

ತೊಳೆದು ಒಣಗುವಷ್ಟರಲ್ಲಿ ಮತ್ತೆ ಕೆಂಪಾಯಿತು

ಇದಕ್ಕೆ ಎದೆಗುಂದಬೇಡಿ. ಈಗಷ್ಟೇ ತೊಳೆದ ಬರಿ ಕಬ್ಬಿಣ ಒದ್ದೆಯಾಗಿದ್ದರೆ ನಿಮಿಷಗಳಲ್ಲೇ ತೆಳು ತುಕ್ಕು ಕಟ್ಟುತ್ತದೆ. ಇಲ್ಲಿ ಬೇಕಿರುವುದು ಔಷಧಿಯಲ್ಲ, ವೇಗ. ಎಲ್ಲಾ ಸಾಮಾನು ಕೈಗೆಟುಕುವಂತೆ ಇಟ್ಟುಕೊಂಡು ಆಮೇಲೆ ಹುಳಿನೀರು ಚೆಲ್ಲಿ.

ಎರಡು ಸಲ ನಲ್ಲಿ ನೀರಲ್ಲಿ ಜಾಲಿಸಿ. ಲೀಟರಿಗೆ ಎರಡು ಚಮಚ ಅಡಿಗೆ ಸೋಡಾ ಕರಗಿಸಿದ ನೀರು ಹಾಕಿ ಕುಲುಕಿ. ಉಳಿದ ಹುಳಿ ಬುಸುಬುಸು ಅಂತ ನೊರೆ ಬಂದು ಸಾಯುತ್ತದೆ. ಕೊನೆಯ ಜಾಲಿಸುವಿಕೆಗೆ ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಗಡುಸು ನೀರು ಒಣಗಿದರೆ ಬಿಳಿ ಉಪ್ಪು ಉಳಿಯುತ್ತದೆ. ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದಿಟ್ಟುಕೊಳ್ಳಿ.

ನೀರು ಬಸಿದ ಕೂಡಲೇ ಕಾಲು ಲೀಟರ್ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಳಗೆಲ್ಲಾ ತಿರುಗಿಸಿ ಸುರಿದುಬಿಡಿ. ಉಳಿದ ನೀರನ್ನು ಅದು ತನ್ನ ಜೊತೆ ಕರೆದುಕೊಂಡು ಹೋಗುತ್ತದೆ. ಬಾಯಿ ಕೆಳಗೆ ಮಾಡಿ ಬಿಸಿಲಿಗೆ ಇಡಿ. ಹೇರ್ ಡ್ರೈಯರ್ ಹಿಡಿಯಬೇಡಿ, ಒಳಗೆ ಕೆಂಡದಂತೆ ಕಾದ ತಂತಿ ಇರುತ್ತದೆ, ಆಲ್ಕೋಹಾಲ್ ಆವಿ ಹೊತ್ತಿಕೊಳ್ಳುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ. ಆ ಕಂಪ್ರೆಸರ್ ನೀರು ಬಸಿಯದೆ ಎಷ್ಟು ದಿನವಾಗಿದೆಯೋ ದೇವರಿಗೇ ಗೊತ್ತು.

ಸೀಲರ್ ಹಾಕುವುದಿಲ್ಲ ಅಂತಾದರೆ ಅರ್ಧ ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಗಳ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಬೆರೆಸಿ ಎಲ್ಲಾ ಮೈಗೂ ತಾಗುವಂತೆ ಹೊರಳಿಸಿ, ಸುರಿದು, ಟ್ಯಾಂಕ್ ಜೋಡಿಸಿ ಫುಲ್ ಮಾಡಿಸಿ. ಸೀಲರ್ ಹಾಕುವುದಾದರೆ ಮಾತ್ರ ಎಣ್ಣೆ ಸೋಕಿಸಬೇಡಿ.

ಚೆಲ್ಲುವ ಕಂದು ನೀರಿನಲ್ಲಿ ಪೆಟ್ರೋಲಿನ ಅಂಶ ಇರುತ್ತದೆ. ಚರಂಡಿಗೋ ಕೆರೆ ಕಾಲುವೆಗೋ ತೆಂಗಿನ ಬುಡಕ್ಕೋ ಸುರಿಯಬೇಡಿ. ಅಗಲ ಬಾಂಡಲಿಯಲ್ಲಿ ಬಿಸಿಲಿಗಿಟ್ಟು ಒಣಗಿಸಿ, ಉಳಿದ ಪುಡಿಯನ್ನು ಕಸಕ್ಕೆ ಕೊಡಿ. ಕೆಟ್ಟ ಪೆಟ್ರೋಲನ್ನು ಹಳೇ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಮುಟ್ಟಿಸಿ.

ಟ್ಯಾಂಕಿನ ಹೊರಗೆ ಪೇಂಟ್ ಉಬ್ಬಿದೆ, ಒದ್ದೆಯಿದೆ, ಪೆಟ್ರೋಲ್ ವಾಸನೆ

ಇಲ್ಲಿ ನಿಲ್ಲಿ. ಗಾಡಿ ಓಡಿಸಬೇಡಿ. ಟ್ಯಾಂಕಿನ ಕೆಳಗೇ ಕಾದ ಎಂಜಿನ್ ಇದೆ, ಪ್ಲಗ್ಗಿನ ಕಿಡಿ ಇದೆ.

ಎಲ್ಲಿ ಸೋರುತ್ತಿದೆ ಅಂತ ತಿಳಿಯಲು ಒರೆಸಿ ಒಣಗಿಸಿ ಚಾಕ್‌ಪೀಸ್ ಪುಡಿ ಹಚ್ಚಿ. ಜಿನುಗುವ ಜಾಗದಲ್ಲಿ ಪುಡಿ ಕಪ್ಪಾಗುತ್ತದೆ. ಎಷ್ಟೋ ಸಲ ಸೋರುವುದು ಟ್ಯಾಂಕಲ್ಲ, ಕಾಕಿನ ವಾಷರ್ ಅಥವಾ ಬಿರುಕು ಬಿಟ್ಟ ಪೈಪು. ಹಳೇ ಗಾಡಿಗಳ ರಬ್ಬರು ಎಥೆನಾಲಿಗೆ ಬೇಗ ಸೋಲುತ್ತದೆ. ಅದನ್ನು ಬದಲಾಯಿಸಿದರೆ ಮುಗಿಯಿತು.

ಟ್ಯಾಂಕೇ ಸೋರುತ್ತಿದ್ದರೆ, ಬಾರ್ ಸೋಪನ್ನು ಒತ್ತಿ ತಿಕ್ಕುವ ಹಳೇ ಉಪಾಯ ಎಲ್ಲರಿಗೂ ಗೊತ್ತು. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಹಾಗಾಗಿ ಹಿಡಿಯುತ್ತದೆ. ಆದರೆ ಅದು ಪೆಟ್ರೋಲ್ ಖಾಲಿ ಮಾಡುವ ತನಕ ಸೋರಿಕೆ ತಡೆಯುವುದಕ್ಕೆ, ಆಫೀಸಿಗೆ ಹೋಗಿ ಬರುವುದಕ್ಕಲ್ಲ.

ಖಾಲಿ ಮಾಡಿದ ಮೇಲೆ ಉಬ್ಬಿದ ಪೇಂಟ್ ಕೆರೆದು ಹೆಬ್ಬೆರಳಲ್ಲಿ ಒತ್ತಿ. ತಗಡು ಡಬ್ಬದ ಮುಚ್ಚಳದಂತೆ ಒಳಗೆ ಹೋದರೆ ಅದರಲ್ಲಿ ಜೀವ ಇಲ್ಲ, ಟ್ಯಾಂಕ್ ಬದಲಾಯಿಸಿ. ಸುತ್ತ ಗಟ್ಟಿಯಾಗಿದ್ದು ಸೂಜಿಮೊನೆಯ ಒಂದೆರಡು ತೂತು ಮಾತ್ರ ಇದ್ದರೆ ಸೀಲರಿಗೆ ಅರ್ಥ ಇದೆ. ಅದಕ್ಕಿಂತ ದೊಡ್ಡ ತೂತಿಗೆ ಬ್ರೇಜಿಂಗ್ ಬೇಕು, ಅಂದರೆ ಬೆಂಕಿಯಲ್ಲಿ ಕಾಯಿಸಿ ಕರಗಿದ ಲೋಹದಿಂದ ತೂತು ಬೆಸೆಯುವುದು.

ಬ್ರೇಜಿಂಗ್ ಅಂದ ಕೂಡಲೇ ರಸ್ತೆ ಬದಿಯ ವೆಲ್ಡಿಂಗ್ ಶಾಪಿಗೆ ಹೋಗಬೇಡಿ. "ನೀರಲ್ಲಿ ತೊಳೆದಿದೀವಿ ಅಣ್ಣ, ಏನೂ ಆಗಲ್ಲ" ಅನ್ನುವ ಮಾತನ್ನು ನಂಬಬೇಡಿ. ಹೊಲಿಗೆಯ ಸಂದಿಯಲ್ಲಿ, ತುಕ್ಕಿನ ಪದರದೊಳಗೆ ಅಡಗಿದ ಪೆಟ್ರೋಲ್ ಬೆಂಕಿಯ ಬಿಸಿಗೆ ಮತ್ತೆ ಆವಿಯಾಗುತ್ತದೆ. ಟ್ಯಾಂಕು ಬಾಂಬಿನಂತೆ ಸಿಡಿಯುತ್ತದೆ. ಆವಿಯನ್ನು ಪೂರ್ತಿ ಹೊರದೂಡಿ, ಬೆಂಕಿ ಹಿಡಿಯದ ಅನಿಲ ತುಂಬಿ, ಇದೇ ಕೆಲಸ ಮಾಡುವವರ ಹತ್ತಿರ ಮಾತ್ರ ಕೊಡಿ. ಅಂಥವರು ಸಿಗದಿದ್ದರೆ ಬೇರೆ ಟ್ಯಾಂಕ್ ಹುಡುಕುವುದೇ ವಾಸಿ.

ಸೀಲರ್ ಯಾವಾಗ, ಹೇಗೆ

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಯಂಥ ಗಾಡಿ ನಿಮ್ಮದಾಗಿದ್ದರೆ, ಅದೇ ಹಳೇ ಟ್ಯಾಂಕನ್ನು ಉಳಿಸಿಕೊಳ್ಳುವ ಆಸೆಯಿದ್ದರೆ ಸೀಲರ್ ಹಾಕಿ. ಟ್ಯಾಂಕ್ ಸುಲಭವಾಗಿ ಸಿಗುವ ಗಾಡಿಗೆ, ಅದರಲ್ಲೂ ಗಟ್ಟಿಯಾಗಿರುವ ಟ್ಯಾಂಕಿಗೆ ನಾನು ಹಾಕುವುದಿಲ್ಲ. ಒಮ್ಮೆ ಹಾಕಿದರೆ ತೆಗೆಯುವುದು ನರಕ.

ಎರಡು ಡಬ್ಬ ಬೆರೆಸುವ ಎಪಾಕ್ಸಿ ಸೀಲರ್ ತನ್ನಿ. ಎಥೆನಾಲ್ ಇರುವ ಪೆಟ್ರೋಲನ್ನು ತಡೆಯುತ್ತದೆ ಅಂತ ಡಬ್ಬದ ಮೇಲೇ ಬರೆದಿರಬೇಕು. ಒಳಗೆ ಪುಡಿ ತುಕ್ಕು, ಎಣ್ಣೆ, ತೇವ ಮೂರೂ ಇರಬಾರದು. ಕಾಕಿನ ತೂತಿಗೆ ಗ್ರೀಸ್ ಹಚ್ಚಿದ ಬಿರಡೆ ಹಾಕಿ. ಬೆರೆಸಿದ್ದನ್ನು ಸುರಿದು, ಟ್ಯಾಂಕನ್ನು ನಿಧಾನವಾಗಿ ಆರೂ ದಿಕ್ಕಿಗೆ ತಿರುಗಿಸುತ್ತಾ ಹೋಗಿ. ಆಮೇಲೆ ಹೆಚ್ಚಾದದ್ದನ್ನು ಮರೆಯದೆ ಬಸಿಯಿರಿ. ದುಡ್ಡು ಕೊಟ್ಟಿದ್ದೇನೆ, ಇರಲಿ ಅಂತ ಒಳಗೇ ಬಿಟ್ಟರೆ ತಳದಲ್ಲಿ ಮಡುವಾಗಿ ನಿಂತು ಸರಿಯಾಗಿ ಗಟ್ಟಿಯಾಗುವುದಿಲ್ಲ, ರಿಸರ್ವ್ ದಾರಿಯನ್ನೂ ಮುಚ್ಚುತ್ತದೆ. ಏಪ್ರಿಲ್ ಬಿಸಿಲಲ್ಲಿ ಕೂತು ಮಾಡಿದರೆ ಹರಡುವ ಮುಂಚೆಯೇ ಬಿಗಿಯುತ್ತದೆ, ನೆರಳಲ್ಲಿ ಮಾಡಿ. ಡಬ್ಬದ ಮೇಲೆ ಎಷ್ಟು ದಿನ ಒಣಗಿಸಿ ಅಂದಿದೆಯೋ ಅಷ್ಟೂ ದಿನ ಬಾಯಿ ತೆರೆದಿಡಿ. "ಸಂಜೆಗೆ ಗಾಡಿ ಬೇಕಿತ್ತು" ಅನ್ನುವವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಸೀಲರ್ ಹಾಕಿದ ಮೇಲೆ ಫಿಲ್ಟರಿನಲ್ಲಿ ತೆಳು ಚಕ್ಕೆ

ಹಾವಿನ ಪೊರೆಯಂಥ ತುಂಡು ಕಂಡರೆ ಸೀಲರ್ ತಗಡನ್ನು ಬಿಟ್ಟಿದೆ. ಒಳಗೆ ಜಿಡ್ಡೋ ತೇವವೋ ಉಳಿದಿತ್ತು, ಇಲ್ಲವೇ ಆ ಸೀಲರ್ ಎಥೆನಾಲ್ ತಡೆಯಲಿಲ್ಲ. ಇದರ ಮೇಲೆ ಇನ್ನೊಂದು ಕೋಟ್ ಹಾಕಿಸುವುದು ದುಡ್ಡು ದಂಡ. ಹಳೆಯದನ್ನು ಪೂರ್ತಿ ತೆಗೆಯಬೇಕು. ಅದಕ್ಕೆ ಬಳಸುವ ಪೇಂಟ್ ರಿಮೂವರಿನ ಹೊಗೆ ತಲೆಗೆ ಏರುತ್ತದೆ, ಚರ್ಮ ಸುಡುತ್ತದೆ. ಈ ಕೆಲಸವನ್ನು ನಾನೂ ಹೊರಗೇ ಕೊಡುತ್ತೇನೆ.

ಆರು ತಿಂಗಳಿಗೆ ತುಕ್ಕು ವಾಪಸ್ ಬಂತು

ಹಾಗಾದರೆ ನೀರಿನ ದಾರಿ ಇನ್ನೂ ಮುಚ್ಚಿಲ್ಲ. ಮತ್ತೆ ಕನ್ನಡಿ ಹಿಡಿದು ತುಕ್ಕು ಈಗ ಎಲ್ಲಿದೆ ನೋಡಿ, ಮೇಲೆ ಹೇಳಿದ ಜಾಗಗಳಿಗೆ ಹೋಲಿಸಿ. ವಾರಕ್ಕೊಮ್ಮೆ ಮಾತ್ರ ತೆಗೆಯುವ ಗಾಡಿಯಾದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಖಾಲಿ ಮಾಡಿ, ಒಣಗಿಸಿ, ಒಳಮೈಗೆ ಎಣ್ಣೆ ಸವರಿ ಇಡಿ. ಒದ್ದೆ ಗಾಡಿಗೆ ಟಾರ್ಪಾಲ್ ಹೊದಿಸಬೇಡಿ, ತೇವ ಒಳಗೇ ಉಳಿಯುತ್ತದೆ. ಬಂಕಿನಲ್ಲಿ ಮಳೆ ಸುರಿಯುತ್ತಿದ್ದರೆ ಛಾವಣಿಯ ಕೆಳಗೆ ಸರಿಯಾಗಿ ನಿಂತು ಮುಚ್ಚಳ ತೆಗೆಯಿರಿ.

ಭಾವನ ಗಾಡಿಗೆ ಈಗ ಪೈಪಿನ ತುದಿಗೆ ಸೊಳ್ಳೆ ಪರದೆಯ ಒಂದು ತುಂಡು ಕಟ್ಟಿದ್ದೇನೆ, ಕಣಜ ಮತ್ತೆ ಮನೆ ಮಾಡದಿರಲಿ ಅಂತ. ಫಿಲ್ಟರ್ ಹಾಕಿ ಎರಡು ತಿಂಗಳಾಯಿತು. ಮೊದಲ ವಾರ ಸ್ವಲ್ಪ ಕಂದು ಬಂತು, ಅದನ್ನು ಬದಲಾಯಿಸಿದೆವು. ಎರಡನೆಯದು ಇನ್ನೂ ಬೆಳ್ಳಗಿದೆ.